ಜೂಡೋ ವಿದ್ಯೆ ಮತ್ತು ಮೈಸಡಿಲಿನ ಮರ್ಮ

ಬಲವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಬಿಗಿದ ಮುಷ್ಟಿ, ಕಚ್ಚಿದ ಹಲ್ಲು, ಉಬ್ಬಿದ ಎದೆ, ಗಂಟಿಕ್ಕಿದ ಹುಬ್ಬು. ರಂಗಭೂಮಿಯ ಭೀಮಸೇನನನ್ನು ನಾವು ನೋಡಿರುವುದು ಹೀಗೆಯೇ. ಆದಕಾರಣ ಕಾಳಗದ ಕಲೆಯನ್ನು ಕಲಿಯಲೆಂದು ಬಂದ ಬಾಲಕನು ಮೊದಲ ದಿನ ಮೈಯೆಲ್ಲವನ್ನೂ ಬಿಗಿಹಿಡಿದು, ಉಸಿರನ್ನು ಎದೆಯಲ್ಲಿ ಕಟ್ಟಿ ನಿಲ್ಲುತ್ತಾನೆ. ಗುರುವು ಅವನಿಗೆ ಹೇಳುವ ಮೊದಲ ಮಾತು ಬಹುಮಟ್ಟಿಗೆ ಒಂದೇ: "ಮೈ ಸಡಿಲು ಬಿಡು." ಬಾಲಕನಿಗೆ ಇದೊಂದು ಒಗಟು. ಎದುರಾಳಿಯು ತನ್ನನ್ನು ನೆಲಕ್ಕೆ ಕೆಡಹಲೆಂದು ಮುಂದೆ ಬರುತ್ತಿರುವಾಗ ಸಡಿಲವಾಗಿ ನಿಲ್ಲುವುದಾದರೂ ಹೇಗೆ? ಹಾಗೆ ನಿಂತರೆ ಸೋಲು ನಿಶ್ಚಯವಲ್ಲವೆ?

ಈ ಒಗಟನ್ನು ಬಿಡಿಸುವುದೇ ಇಂದಿನ ಪಾಠದ ಉದ್ದೇಶ. ಇದಕ್ಕೆ ಜಪಾನ್ ದೇಶದ ಜೂಡೋ ವಿದ್ಯೆಯನ್ನು ಉದಾಹರಣೆಯಾಗಿ ಆರಿಸಿಕೊಂಡಿದ್ದೇನೆ. ಆ ವಿದ್ಯೆಯ ಹೆಸರಿನಲ್ಲಿಯೇ ನಮ್ಮ ವಿಷಯವು ಅಡಗಿದೆ. 'ಜೂ' ಎಂದರೆ ಮೃದು, ಮಣಿಯುವಂಥದು. 'ದೋ' ಎಂದರೆ ಮಾರ್ಗ. ಮೃದುತ್ವದ ಮಾರ್ಗವೇ ಜೂಡೋ.

ಸಡಿಲವೆಂದರೆ ಸೋಮಾರಿತನವಲ್ಲ

ಮೊದಲು ಒಂದು ಭ್ರಮೆಯನ್ನು ದೂರಮಾಡೋಣ. ಸಡಿಲವಾಗಿರುವುದೆಂದರೆ ಒದ್ದೆಯ ಬಟ್ಟೆಯಂತೆ ಜೋತುಬೀಳುವುದಲ್ಲ. ಕೆಲಸವಿಲ್ಲದ ಅಂಗಕ್ಕೆ ವಿಶ್ರಾಂತಿಯನ್ನೂ ಕೆಲಸವಿರುವ ಅಂಗಕ್ಕೆ ಬೇಕಾದಷ್ಟೇ ಬಲವನ್ನೂ ಕೊಡುವುದು ಸಡಿಲಿನ ಲಕ್ಷಣ.

ನಮ್ಮ ಮುಂಬಯಿಯ ಲೋಕಲ್ ಗಾಡಿಯಲ್ಲಿ ಇದನ್ನು ನೀವು ದಿನವೂ ಕಾಣಬಹುದು. ಊರಿನಿಂದ ಹೊಸದಾಗಿ ಬಂದವನು ಗಾಡಿಯಲ್ಲಿ ಮೊಣಕಾಲುಗಳನ್ನು ಕಂಬದಂತೆ ನೆಟ್ಟಗೆ ಮಾಡಿ ನಿಲ್ಲುತ್ತಾನೆ. ಗಾಡಿ ಜಗ್ಗಿದ ಕೂಡಲೇ ಅವನ ಇಡೀ ಶರೀರ ಮುಂದಕ್ಕೆ ಮುಗ್ಗರಿಸುತ್ತದೆ. ಪಕ್ಕದಲ್ಲಿ ನಿಂತ ಹಳೆಯ ಪ್ರಯಾಣಿಕನೋ ಪತ್ರಿಕೆಯನ್ನು ಓದುತ್ತಿರುತ್ತಾನೆ. ಅವನ ಪಾದಗಳು ನೆಲವನ್ನು ಹಿಡಿದಿವೆ. ಮೊಣಕಾಲು, ಸೊಂಟಗಳು ಮೃದುವಾಗಿವೆ. ಗಾಡಿಯ ಕುಲುಕು ಕಾಲಿನಿಂದ ಸೊಂಟದವರೆಗೆ ಏರಿ ಅಲ್ಲಿಯೇ ಅಡಗುತ್ತದೆ. ಅವನೇನು ನಿದ್ರಿಸುತ್ತಿಲ್ಲ. ಬಲಪ್ರದರ್ಶನವನ್ನೂ ಮಾಡುತ್ತಿಲ್ಲ. ಅವನು ಮಾಡುತ್ತಿರುವುದು ಹೊಂದಾಣಿಕೆ. ಜೂಡೋ ಕಲಿಯುವವನ ನಿಲುವೂ ಇಂತಹದೇ. ಅದಕ್ಕೆ ಜಪಾನೀಯರು 'ಷಿಜೆನ್‌ತಾಯ್' ಎನ್ನುತ್ತಾರೆ, ಎಂದರೆ ಸಹಜವಾದ ನಿಲುವು.

ಬಿಗುವಿನಿಂದಾಗುವ ನಷ್ಟ

ಮೈ ಬಿಗಿದರೆ ಬಲ ಹೆಚ್ಚಬೇಕಲ್ಲ, ಕುಂದುವುದೇಕೆ? ಇದನ್ನರಿಯಲು ಶರೀರಶಾಸ್ತ್ರದ ಒಂದೆರಡು ವಿಷಯಗಳು ತಿಳಿದಿರಬೇಕು.

ನಮ್ಮ ಸ್ನಾಯುಗಳು ಎಳೆಯಬಲ್ಲವೇ ಹೊರತು ತಳ್ಳಲಾರವು. ಆದುದರಿಂದಲೇ ಕೀಲುಗಳ ಸುತ್ತ ಸ್ನಾಯುಗಳು ಎದುರುಬದುರಾಗಿ ಜೋಡಣೆಗೊಂಡಿವೆ. ತೋಳಿನ ಮುಂಬದಿಯ ಸ್ನಾಯು ಮೊಣಕೈಯನ್ನು ಮಡಿಸುತ್ತದೆ. ಹಿಂಬದಿಯ ಸ್ನಾಯು ಅದನ್ನು ನೀಡುತ್ತದೆ. ಒಂದು ಸ್ನಾಯು ಬಿಗಿದಾಗ ನರಮಂಡಲವು ಅದರ ಎದುರು ಸ್ನಾಯುವಿಗೆ ಸಡಿಲುವಂತೆ ಆಜ್ಞೆ ಮಾಡುತ್ತದೆ. ಈ ವ್ಯವಸ್ಥೆಯನ್ನು ಆಳವಾಗಿ ಶೋಧಿಸಿದವರು ಇಂಗ್ಲೆಂಡಿನ ಚಾರ್ಲ್ಸ್ ಷೆರಿಂಗ್ಟನ್ ಎಂಬ ವಿಜ್ಞಾನಿಗಳು. ನರಗಳ ಕಾರ್ಯವನ್ನು ಕುರಿತ ಸಂಶೋಧನೆಗಾಗಿ ಅವರಿಗೂ ಎಡ್ಗರ್ ಏಡ್ರಿಯನ್ ಅವರಿಗೂ 1932ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಭಯಗೊಂಡಾಗ ಈ ಸುವ್ಯವಸ್ಥೆ ಕೆಡುತ್ತದೆ. ಮಡಿಸುವ ಸ್ನಾಯುವೂ ನೀಡುವ ಸ್ನಾಯುವೂ ಏಕಕಾಲದಲ್ಲಿ ಬಿಗಿಯುತ್ತವೆ. ಬಂಡಿಯ ಮುಂದಕ್ಕೊಂದು ಎತ್ತು, ಹಿಂದಕ್ಕೊಂದು ಎತ್ತು ಕಟ್ಟಿ ಹೊಡೆದಂತೆ! ಎರಡೂ ಬೆವರು ಸುರಿಸುತ್ತವೆ, ಬಂಡಿ ಮಾತ್ರ ಚಲಿಸದು. ಅಲ್ಲದೆ ಬಹುಹೊತ್ತು ಬಿಗಿದ ಸ್ನಾಯುವು ತನ್ನೊಳಗಿನ ಸಣ್ಣ ರಕ್ತನಾಳಗಳನ್ನು ಅದುಮುವುದರಿಂದ ಅದಕ್ಕೆ ಬೇಕಾದ ರಕ್ತ ಬಾರದೆ ಬೇಗ ದಣಿಯುತ್ತದೆ.

ಇದನ್ನು ನೀವು ನಂಬಬೇಕಾಗಿಲ್ಲ, ಪರೀಕ್ಷಿಸಿ ನೋಡಿ. ಬಲಗೈಯನ್ನು ಭುಜದಿಂದ ಬೆರಳಿನವರೆಗೆ ಕಲ್ಲಿನಂತೆ ಬಿಗಿಹಿಡಿಯಿರಿ. ಹಾಗೆಯೇ ಮೇಜಿನ ಮೇಲೆ ಬೆರಳುಗಳಿಂದ ಆದಷ್ಟು ಬೇಗ ತಾಳ ಹಾಕಿರಿ. ಬೆರಳುಗಳು ತೊಡರುತ್ತವೆ. ಅನಂತರ ಕೈಯನ್ನು ಸಡಿಲಿಸಿ ಮತ್ತೆ ತಾಳ ಹಾಕಿರಿ. ವ್ಯತ್ಯಾಸವು ತಾನಾಗಿಯೇ ತಿಳಿದುಬರುತ್ತದೆ. ಪರೀಕ್ಷೆಯಲ್ಲಿ ಲೇಖನಿಯನ್ನು ಅದುಮಿ ಹಿಡಿದು ಬರೆಯುವವನ ಕೈ ಅರ್ಧ ಗಂಟೆಯೊಳಗೆ ನೋಯುವುದಕ್ಕೂ ಕಾರಣ ಇದೇ.

ಕಾನೊ ಅವರ ಲೆಕ್ಕ

ಜೂಡೋ ವಿದ್ಯೆಯನ್ನು ರೂಪಿಸಿದವರು ಜಿಗೊರೊ ಕಾನೊ. ಅವರು 1860ರಲ್ಲಿ ಹುಟ್ಟಿದರು. ಮೈಕಟ್ಟಿನಲ್ಲಿ ಸಣ್ಣವರಾದ್ದರಿಂದ ಶಾಲೆಯಲ್ಲಿ ಬಲಿಷ್ಠ ಹುಡುಗರ ಕಾಟವನ್ನು ಸಹಿಸಬೇಕಾಯಿತು. ದುರ್ಬಲನೂ ಬಲಿಷ್ಠನನ್ನು ಗೆಲ್ಲುವ ವಿದ್ಯೆಯೊಂದಿದೆಯೆಂದು ಕೇಳಿ, ಅದನ್ನು ಕಲಿಸುವ ಗುರುಗಳನ್ನು ಅರಸುತ್ತ ಹೋದರು. ಆ ಹಳೆಯ ವಿದ್ಯೆಗೆ ಜುಜುತ್ಸು ಎಂದು ಹೆಸರು. ಹಲವು ಗುರುಗಳಲ್ಲಿ ಅದನ್ನು ಅಭ್ಯಾಸಮಾಡಿ, ಅದರಲ್ಲಿನ ಅಪಾಯಕರವಾದ ಪಟ್ಟುಗಳನ್ನು ಸ್ಪರ್ಧೆಯ ಅಭ್ಯಾಸದಿಂದ ತೆಗೆದು, ಉಳಿದುದನ್ನು ಶಾಸ್ತ್ರೀಯವಾಗಿ ಜೋಡಿಸಿ, 1882ರಲ್ಲಿ ಟೋಕಿಯೋ ನಗರದ ಏಶೋಜಿ ಎಂಬ ಬೌದ್ಧ ದೇವಾಲಯದಲ್ಲಿ ಕೊದೊಕಾನ್ ಶಾಲೆಯನ್ನು ತೆರೆದರು. ಆಗ ಅಲ್ಲಿದ್ದುದು ಕೇವಲ 12 ಚಾಪೆಗಳಷ್ಟು ಸ್ಥಳ. ಕಾನೊ ಅವರು ವೃತ್ತಿಯಿಂದಲೂ ಉಪಾಧ್ಯಾಯರೇ. ಟೋಕಿಯೋದ ಶಿಕ್ಷಕರ ಮಹಾಶಾಲೆಯೊಂದಕ್ಕೆ ಬಹುಕಾಲ ಮುಖ್ಯಸ್ಥರಾಗಿದ್ದರು. 1909ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯನ್ನು ಸೇರಿದರು. ಆ ಸಮಿತಿಗೆ ಏಷ್ಯಾದಿಂದ ಹೋದ ಮೊದಲ ಸದಸ್ಯರು ಅವರೇ. 1938ರಲ್ಲಿ ಸಮುದ್ರಯಾನದಲ್ಲಿದ್ದಾಗಲೇ ತೀರಿಕೊಂಡರು.

ಮೃದುತ್ವದ ತತ್ತ್ವವನ್ನು ಕಾನೊ ಅವರು ಒಂದು ಸರಳವಾದ ಲೆಕ್ಕದಿಂದ ವಿವರಿಸುತ್ತಿದ್ದರು. ಎದುರಾಳಿಯ ಬಲ 10 ಎಂದೂ ನನ್ನ ಬಲ 7 ಎಂದೂ ಇಟ್ಟುಕೊಳ್ಳೋಣ. ಅವನು ತನ್ನ ಬಲವನ್ನೆಲ್ಲ ಹಾಕಿ ನನ್ನನ್ನು ನೂಕುತ್ತಾನೆ. ನಾನು ಎದುರು ನೂಕಿದರೆ 7 ಎಂಬುದು 10ಕ್ಕೆ ಸೋಲಲೇಬೇಕು. ಆದರೆ ಅವನು ನೂಕಿದಷ್ಟೇ ನಾನು ಸಮತೋಲನ ಕೆಡದಂತೆ ಹಿಂದಕ್ಕೆ ಸರಿದರೆ ಏನಾಗುತ್ತದೆ? ಆಸರೆ ತಪ್ಪಿದ ಅವನು ಮುಂದಕ್ಕೆ ವಾಲುತ್ತಾನೆ. ವಾಲಿದವನ ಬಲ ಆ ಗಳಿಗೆಯಲ್ಲಿ 10 ಆಗಿ ಉಳಿಯುವುದಿಲ್ಲ. 3ಕ್ಕೆ ಇಳಿದಿದೆಯೆಂದು ಭಾವಿಸಿರಿ. ನನ್ನದಾದರೋ 7 ಆಗಿಯೇ ಇದೆ. ಅದರಲ್ಲಿ ಅರ್ಧವನ್ನು ಉಪಯೋಗಿಸಿದರೂ ಅವನನ್ನು ಉರುಳಿಸಬಹುದು.

ಈ ಲೆಕ್ಕದಲ್ಲಿ ಗಮನಿಸಬೇಕಾದ ಮಾತೊಂದಿದೆ. ಎದುರಾಳಿಯು ಯಾವಾಗ, ಯಾವ ಕಡೆಗೆ ವಾಲಿದನೆಂಬುದು ನನಗೆ ತಿಳಿಯುವುದು ಹೇಗೆ? ಜೂಡೋ ಆಟದಲ್ಲಿ ಇಬ್ಬರೂ ಪರಸ್ಪರರ ದಪ್ಪ ಅಂಗಿಯ ತೋಳನ್ನೂ ಕೊರಳಪಟ್ಟಿಯನ್ನೂ ಹಿಡಿದಿರುತ್ತಾರೆ. ನನ್ನ ಕೈ ಮೃದುವಾಗಿದ್ದರೆ ಅವನ ಅಲುಗಾಟವೆಲ್ಲ ಆ ಬಟ್ಟೆಯ ಮೂಲಕ ನನಗೆ ಮುಟ್ಟುತ್ತದೆ. ನನ್ನ ಕೈ ಬಿಗಿದಿದ್ದರೆ ನನ್ನದೇ ಬಿಗುವಿನ ಹೊರತು ನನಗೆ ಮತ್ತೇನೂ ತಿಳಿಯುವುದಿಲ್ಲ. ಅಷ್ಟೇ ಅಲ್ಲ, ಬಿಗಿದ ತೋಳು ಎದುರಾಳಿಗೆ ಹಿಡಿಕೆಯಾಗುತ್ತದೆ. ಅದನ್ನು ಹಿಡಿದು ಅವನು ನನ್ನ ಇಡೀ ಮೈಯನ್ನು ತಿರುಗಿಸಬಲ್ಲನು. ನಾಡಿಯನ್ನು ನೋಡುವ ವೈದ್ಯನು ಬೆರಳನ್ನು ಎಷ್ಟು ಹಗುರವಾಗಿ ಇಡುತ್ತಾನೆಂಬುದನ್ನು ನೆನೆದರೆ ಈ ಮಾತು ಸ್ಪಷ್ಟವಾದೀತು.

ಮೃದುತ್ವವು ಮಂತ್ರವಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಜೂಡೋ 1964ರ ಟೋಕಿಯೋ ಒಲಿಂಪಿಕ್ ಕ್ರೀಡೆಗಳಲ್ಲಿ ಮೊದಲ ಬಾರಿಗೆ ಸೇರಿತು. ಅಲ್ಲಿಯೂ ದೇಹದ ತೂಕಕ್ಕನುಸಾರವಾಗಿ ವರ್ಗಗಳನ್ನು ಮಾಡಿದ್ದರು. ಎಲ್ಲ ತೂಕದವರಿಗೂ ತೆರೆದಿದ್ದ ವರ್ಗದಲ್ಲಿ ಗೆದ್ದವರು ಹಾಲೆಂಡಿನ ಭೀಮಕಾಯರಾದ ಆಂಟನ್ ಗೀಸಿಂಕ್. ಆದರೆ ಅವರಿಗಿದ್ದುದು ಬರಿಯ ಮೈಭಾರವಲ್ಲ. ಬಹುಕಾಲದ ಅಭ್ಯಾಸದಿಂದ ಬಂದ ನಿಪುಣತೆ. ಭಾರವೂ ಕೌಶಲವೂ ಒಂದೇ ಕಡೆ ಕೂಡಿದರೆ ಗೆಲ್ಲುವುದು ಸಹಜ. ಕಲಿಯುವವನು ತನ್ನ ತೂಕವನ್ನು ಬದಲಿಸಲಾರನು. ತನ್ನ ಬಿಗುವನ್ನು ಬದಲಿಸಬಲ್ಲನು.

ಮೊದಲು ಬೀಳುವುದನ್ನು ಕಲಿಯಬೇಕು

ಬಿಗುವಿನ ಬೇರು ಯಾವುದು? ಬೀಳುವೆನೆಂಬ ಭಯ. ಆದಕಾರಣ ಜೂಡೋ ಶಾಲೆಯಲ್ಲಿ ಎದುರಾಳಿಯನ್ನು ಕೆಡಹುವುದಕ್ಕಿಂತ ಮೊದಲು ತಾನು ಬೀಳುವುದನ್ನು ಕಲಿಸುತ್ತಾರೆ. ಈ ಪಾಠಕ್ಕೆ 'ಉಕೆಮಿ' ಎಂದು ಹೆಸರು. ಆಳಾಗಬಲ್ಲವನು ಅರಸನಾಗಬಲ್ಲನೆಂದು ನಮ್ಮಲ್ಲಿ ಗಾದೆಯಿದೆಯಷ್ಟೆ. ಬೀಳಬಲ್ಲವನೇ ಕೆಡಹಬಲ್ಲನೆಂಬುದು ಆ ಶಾಲೆಯ ನೀತಿ.

ಬೀಳುವಾಗ ಕೈಯನ್ನು ಹಿಂದಕ್ಕೆ ನೀಡಿ ನೆಲಕ್ಕೆ ಊರುವುದು ಮನುಷ್ಯನ ಸ್ವಭಾವ. ಆಗ ಇಡೀ ದೇಹದ ಭಾರವು ಒಂದು ಮಣಿಕಟ್ಟಿನ ಮೇಲೆ ಬಿದ್ದು ಮೂಳೆ ಮುರಿಯುವ ಸಂಭವವುಂಟು. ಉಕೆಮಿಯಲ್ಲಿ ಕಲಿಯುವ ಕ್ರಮವೇ ಬೇರೆ. ಹಿಂದಕ್ಕೆ ಬೀಳುವವನು ಗಲ್ಲವನ್ನು ಎದೆಯ ಕಡೆಗೆ ತಂದು, ದೃಷ್ಟಿಯನ್ನು ತನ್ನ ಸೊಂಟದ ಪಟ್ಟಿಯ ಮೇಲೆ ಇಡುತ್ತಾನೆ. ಹೀಗಾಗಿ ತಲೆ ನೆಲವನ್ನು ತಾಕುವುದಿಲ್ಲ. ಬೆನ್ನನ್ನು ದುಂಡಗೆ ಮಾಡಿ ಉರುಳುತ್ತಾನೆ. ತೋಳುಗಳನ್ನು ಮೈಯಿಂದ ತುಸು ದೂರಕ್ಕೆ ಓರೆಯಾಗಿ ಚಾಚಿ, ಅಂಗೈಯಿಂದ ಮೊಣಕೈಯವರೆಗಿನ ಭಾಗದಿಂದ ಚಾಪೆಯನ್ನು ಬಡಿಯುತ್ತಾನೆ. ಅದೇ ಕ್ಷಣದಲ್ಲಿ ಉಸಿರನ್ನು ಹೊರಕ್ಕೆ ಬಿಡುತ್ತಾನೆ.

ಇದರಲ್ಲಿ ಭೌತಶಾಸ್ತ್ರವಿದೆ. ಪೆಟ್ಟಿನ ಭಾರವು ಒಂದು ಬಿಂದುವಿನ ಮೇಲೆ ಬೀಳದೆ ವಿಶಾಲವಾದ ಪ್ರದೇಶಕ್ಕೆ ಹಂಚಿಹೋಗುತ್ತದೆ. ಒಂದು ಕ್ಷಣಕ್ಕೆ ಮುಗಿಯುವುದರ ಬದಲು ಉರುಳುವಷ್ಟು ಕಾಲ ಹರಡಿಕೊಳ್ಳುತ್ತದೆ. ಪ್ರದೇಶವೂ ಕಾಲವೂ ಹೆಚ್ಚಿದಷ್ಟು ಪೆಟ್ಟು ಕಡಿಮೆ. ಮರದ ಹಲಗೆಯಂತೆ ಬಿಗಿದ ಮೈ ಉರುಳಲಾರದು, ಅದು ಬಡಿದುಕೊಳ್ಳುತ್ತದೆ. ಆದರೆ ಕತ್ತನ್ನು ಮಾತ್ರ ಆ ಗಳಿಗೆಯಲ್ಲಿ ಗಟ್ಟಿಯಾಗಿ ಹಿಡಿಯಲೇಬೇಕೆಂಬುದನ್ನು ಗಮನಿಸಿರಿ. ಸಡಿಲೆಂದರೆ ಎಲ್ಲವನ್ನೂ ಬಿಟ್ಟುಬಿಡುವುದಲ್ಲವೆಂದು ಮೊದಲೇ ಹೇಳಿದುದರ ಅರ್ಥ ಇದು.

ಈ ಪಾಠವು ಮೆಟ್ಟಿಲುಮೆಟ್ಟಿಲಾಗಿ ಸಾಗುತ್ತದೆ. ಮೊದಲು ಮಲಗಿಕೊಂಡೇ ಚಾಪೆಯನ್ನು ಬಡಿಯುವುದು, ಅನಂತರ ಕುಳಿತಲ್ಲಿಂದ ಹಿಂದಕ್ಕೆ ಉರುಳುವುದು, ಆಮೇಲೆ ಕುಕ್ಕುರುಗಾಲಿನಿಂದ, ಬಳಿಕ ನಿಂತಲ್ಲಿಂದ, ಕೊನೆಗೆ ಜೊತೆಗಾರನು ಕೆಡಹಿದಾಗ. ಪ್ರತಿಯೊಂದು ಮೆಟ್ಟಿಲಿನಲ್ಲೂ ಭಯವು ತುಸುತುಸುವಾಗಿ ಕರಗುತ್ತದೆ. ಭಯಪಡಬೇಡವೆಂದು ನೂರು ಸಲ ಹೇಳುವುದಕ್ಕಿಂತ ನೋವಿಲ್ಲದೆ ನೂರು ಸಲ ಬೀಳುವುದು ಮೇಲು.

ನೆಲವೂ ಇದಕ್ಕೆ ನೆರವಾಗಬೇಕು. ಜಪಾನಿನಲ್ಲಿ ತತಾಮಿ ಎಂಬ ಚಾಪೆಗಳನ್ನು ಹಾಸುತ್ತಾರೆ. ನಮ್ಮ ಕನ್ನಡನಾಡಿನ ಗರಡಿಮನೆಗಳಲ್ಲಿ ಚಾಪೆಯ ಕೆಲಸವನ್ನು ಮಣ್ಣು ಮಾಡುತ್ತದೆ. ಕಲ್ಲು ಕಸ ತೆಗೆದ ಕೆಮ್ಮಣ್ಣಿಗೆ ಎಣ್ಣೆ, ಅರಿಸಿನ ಮುಂತಾದವನ್ನು ಬೆರೆಸಿ ಮಟ್ಟಿಯನ್ನು ಸಿದ್ಧಪಡಿಸುತ್ತಾರೆ. ಕುಸ್ತಿಗೆ ಮೊದಲು ಅದನ್ನು ಅಗೆದು ಮೆತ್ತಗೆ ಮಾಡುತ್ತಾರೆ. ಮಲ್ಲರ ಅಭ್ಯಾಸವನ್ನೂ ಕಾಳಗವನ್ನೂ ಕುರಿತ ಒಂದು ಪ್ರಕರಣವು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥದಲ್ಲಿಯೇ ಇದೆ. ಆದುದರಿಂದ ಈ ಬಗೆಯ ಶಿಕ್ಷಣವು ನಮಗೆ ಹೊಸದಲ್ಲ. ಜೂಡೋ ವಿದ್ಯೆಗೂ ಭಾರತದಲ್ಲಿ ಹಳೆಯ ನಂಟಿದೆ. ರವೀಂದ್ರನಾಥ ಠಾಕೂರರು 1929ರಲ್ಲಿ ಶಿಂಜೊ ತಕಗಾಕಿ ಎಂಬ ಜಪಾನೀ ಗುರುವನ್ನು ಶಾಂತಿನಿಕೇತನಕ್ಕೆ ಕರೆಸಿ ತಮ್ಮ ವಿದ್ಯಾರ್ಥಿಗಳಿಗೆ ಜೂಡೋ ಕಲಿಸಿದರು.

ಒಬ್ಬನ ಸಡಿಲು ಇನ್ನೊಬ್ಬನ ಕೈಯಲ್ಲಿ

ಈಗ ಪಾಠದ ಮುಖ್ಯಭಾಗಕ್ಕೆ ಬಂದೆವು. ಬೀಳುವ ವಿಧಾನವನ್ನು ಕಲಿತ ಮೇಲೂ ಕೆಲವು ಮಕ್ಕಳ ಮೈ ಸಡಿಲುವುದಿಲ್ಲ. ಅವರನ್ನು ಹೇಡಿಗಳೆನ್ನಬಹುದೆ? ಕೂಡದು. ಅವರು ಯಾರ ಜೊತೆಯಲ್ಲಿ ಅಭ್ಯಾಸ ಮಾಡುತ್ತಿದ್ದಾರೆಂಬುದನ್ನು ಮೊದಲು ನೋಡಬೇಕು.

ಜೂಡೋದಲ್ಲಿ ಒಬ್ಬನು ಇನ್ನೊಬ್ಬನನ್ನು ಕೆಡಹಿದಾಗ, ಕೆಡಹಿದವನು ಬೀಳುವವನ ತೋಳನ್ನು ಬಿಡದೆ ತುಸು ಮೇಲಕ್ಕೆ ಎಳೆದು ಹಿಡಿಯಬೇಕು. ಇದರಿಂದ ಬೀಳುವವನು ಪಕ್ಕಕ್ಕೆ ಹಗುರವಾಗಿ ಇಳಿಯುತ್ತಾನೆ. ತಲೆಯೂ ಭುಜವೂ ರಕ್ಷಣೆ ಪಡೆಯುತ್ತವೆ. ನೆಲದ ಮೇಲಿನ ಹಿಡಿತಗಳಲ್ಲಿ ಸಿಕ್ಕಿಬಿದ್ದವನು ತಾನು ಸೋತೆನೆಂದು ತಿಳಿಸಲು ಎದುರಾಳಿಯ ಮೈಯನ್ನೋ ಚಾಪೆಯನ್ನೋ ಎರಡು ಸಲ ತಟ್ಟುತ್ತಾನೆ. ತಟ್ಟಿದ ಕ್ಷಣವೇ ಹಿಡಿತವನ್ನು ಬಿಡಬೇಕು. ಇನ್ನೊಂದು ಗಳಿಗೆ ಹಿಡಿದು ನೋಡೋಣವೆಂಬ ಚೇಷ್ಟೆಗೆ ಅಲ್ಲಿ ಎಡೆಯಿಲ್ಲ. ಆಟದ ಮೊದಲೂ ಕೊನೆಗೂ ಇಬ್ಬರೂ ಬಾಗಿ ವಂದಿಸುತ್ತಾರೆ. ಈ ನಿಯಮಗಳ ಹಿಂದಿರುವುದು ಕಾನೊ ಅವರು ಬೋಧಿಸಿದ ಎರಡು ತತ್ತ್ವಗಳು: ಶಕ್ತಿಯನ್ನು ಅತ್ಯಂತ ಸಾರ್ಥಕವಾಗಿ ಬಳಸುವುದು ಒಂದು, ತಾನೂ ಪರನೂ ಜೊತೆಯಾಗಿ ಏಳಿಗೆ ಹೊಂದುವುದು ಇನ್ನೊಂದು.

ಜೊತೆಗಾರನು ನನ್ನ ತೋಳನ್ನು ಹಿಡಿದೇ ಇರುತ್ತಾನೆ, ತಟ್ಟಿದರೆ ಬಿಟ್ಟೇ ಬಿಡುತ್ತಾನೆ ಎಂಬ ನಂಬಿಕೆ ಹುಟ್ಟಿದಾಗ ಮೈ ತಾನಾಗಿಯೇ ಸಡಿಲುತ್ತದೆ. ಆ ನಂಬಿಕೆ ಒಮ್ಮೆ ಮುರಿದರೆ ಗುರುವಿನ ಯಾವ ಉಪದೇಶವೂ ಅದನ್ನು ಸಡಿಲಿಸಲಾರದು. ಚಿಕ್ಕವನನ್ನು ಬೇಕೆಂದೇ ಜೋರಾಗಿ ಎತ್ತಿಹಾಕಿ, ಅವನ ಮುಖ ಬಿಳಿಚಿಕೊಂಡುದನ್ನು ಕಂಡು ನಗುವವನು ಆ ಚಿಕ್ಕವನ ವಿದ್ಯೆಯನ್ನೇ ಕಸಿದುಕೊಂಡಂತೆ. ಸುತ್ತ ನಿಂತು ನಕ್ಕವರಿಗೂ ಅದರಲ್ಲಿ ಪಾಲುಂಟು. ಮರುದಿನ ಅವನು ಹೊಟ್ಟೆನೋವೆಂದು ಹೇಳಿ ಅಭ್ಯಾಸಕ್ಕೆ ಬಾರದಿದ್ದರೆ, ಕಾರಣವು ಅವನ ಹೊಟ್ಟೆಯಲ್ಲಿಲ್ಲ. ಅವನ ನಷ್ಟವಂತೂ ಸ್ಪಷ್ಟ, ನಕ್ಕವನಿಗೂ ನಷ್ಟವೇ. ನಂಬಿ ಬೀಳುವ ಜೊತೆಗಾರನಿಲ್ಲದೆ ಯಾರೂ ಕೆಡಹುವುದನ್ನು ಕಲಿಯಲಾರರು.

ಹೆಣ್ಣುಮಕ್ಕಳಿಗೂ ಈ ಮಾತು ಅನ್ವಯಿಸುತ್ತದೆ. 1992ರ ಬಾರ್ಸೆಲೋನಾ ಒಲಿಂಪಿಕ್ ಕ್ರೀಡೆಗಳಿಂದ ಸ್ತ್ರೀಯರ ಜೂಡೋ ಸ್ಪರ್ಧೆಗೂ ಪದಕಗಳುಂಟು. ಕಲಿಯಲು ಬಂದ ಬಾಲಿಕೆಯ ಸಂಕೋಚವನ್ನು ಗೇಲಿಮಾಡದೆ, ಅವಳಿಗೆ ಧೈರ್ಯ ಬರುವಷ್ಟು ಕಾಲಾವಕಾಶವನ್ನು ಕೊಡುವುದು ಜೊತೆಯವರ ಕರ್ತವ್ಯ.

ಅಭ್ಯಾಸದ ಕ್ರಮ

ಸಡಿಲನ್ನು ಆಜ್ಞೆಯಿಂದ ತರಲಾಗದು, ಅಭ್ಯಾಸದಿಂದ ತರಬಹುದು. ಅದಕ್ಕೆ ನಾಲ್ಕು ಸಾಧನಗಳನ್ನು ಹೇಳುತ್ತೇನೆ.

ಮೊದಲನೆಯದು ಬಿಗುವಿನ ಪರಿಚಯ. ಅಮೆರಿಕೆಯ ಎಡ್ಮಂಡ್ ಜೇಕಬ್ಸನ್ ಎಂಬ ವೈದ್ಯರು 1929ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸ್ನಾಯುಗಳನ್ನು ಒಂದೊಂದಾಗಿ ಸಡಿಲಿಸುವ ಕ್ರಮವನ್ನು ವಿವರಿಸಿದರು. ಅಂಗಾತ ಮಲಗಿ ಒಂದು ಮುಷ್ಟಿಯನ್ನು ಕೆಲವು ಕ್ಷಣ ಬಿಗಿಹಿಡಿದು ಮೆಲ್ಲನೆ ಬಿಡಿರಿ. ಎರಡರ ಅಂತರವನ್ನು ಮನಸ್ಸಿಟ್ಟು ಗಮನಿಸಿರಿ. ಬಳಿಕ ತೋಳು, ಭುಜ, ದವಡೆ, ಕಾಲು ಹೀಗೆ ಮುಂದುವರಿಯಿರಿ. ಬಿಗಿದಿರುವೆನೆಂದು ತಿಳಿಯದವನು ಸಡಿಲಿಸುವುದಾದರೂ ಏನನ್ನು?

ಎರಡನೆಯದು ಉಸಿರು. ಹೊರಕ್ಕೆ ಬಿಡುವಾಗ ಎದೆಬಡಿತವು ತುಸು ನಿಧಾನವಾಗುತ್ತದೆ. ಆದ್ದರಿಂದ ಆಟಕ್ಕೆ ಇಳಿಯುವ ಮೊದಲು ಮೂರು ನಾಲ್ಕು ಸಲ ದೀರ್ಘವಾಗಿ ಉಸಿರು ಬಿಡಿರಿ. ಆಟದ ನಡುವೆ ಉಸಿರು ಕಟ್ಟಿದೆಯೆಂದು ತೋರಿದರೆ ಮೈಯೂ ಬಿಗಿದಿದೆಯೆಂದೇ ತಿಳಿಯಿರಿ.

ಮೂರನೆಯದು ನಿಧಾನ. ಹೊಸ ಪಟ್ಟನ್ನು ಮೊದಲು ಬಲವಿಲ್ಲದೆ, ವೇಗವಿಲ್ಲದೆ, ನಡಿಗೆಯಷ್ಟು ಸಾವಕಾಶವಾಗಿ ಮಾಡಬೇಕು. ಕಾಗುಣಿತವನ್ನು ತಿದ್ದುವಾಗ ಅವಸರಪಟ್ಟವನ ಅಕ್ಷರ ಕೊನೆಯವರೆಗೂ ಸೊಟ್ಟಗಿರುವಂತೆ, ಬಿಗುವಿನೊಡನೆ ಕಲಿತ ಪಟ್ಟಿನಲ್ಲಿ ಬಿಗುವು ಉಳಿದೇ ಇರುತ್ತದೆ.

ನಾಲ್ಕನೆಯದು ಜೊತೆಗಾರನ ಪರೀಕ್ಷೆ. ನಿಮ್ಮ ಕೈಯನ್ನು ಗೆಳೆಯನು ಮೇಲಕ್ಕೆ ಎತ್ತಿ ಥಟ್ಟನೆ ಬಿಡಲಿ. ಕೈ ಕೂಡಲೇ ಕೆಳಗೆ ಬಿದ್ದರೆ ಅದು ಸಡಿಲವಾಗಿದೆ. ಗಾಳಿಯಲ್ಲಿ ನಿಂತೇ ಇದ್ದರೆ ನಿಮಗೆ ತಿಳಿಯದಂತೆ ನೀವೇ ಅದನ್ನು ಹಿಡಿದಿದ್ದೀರಿ. ಇದು ವಿನೋದವೂ ಹೌದು, ಪಾಠವೂ ಹೌದು.

ಒಂದು ಎಚ್ಚರಿಕೆಯ ಮಾತು. ಮೇಲೆ ಹೇಳಿದ ಉಸಿರು, ಮುಷ್ಟಿ, ಕೈಗಳ ಪರೀಕ್ಷೆಗಳನ್ನು ನೀವು ಮನೆಯಲ್ಲಿಯೂ ಮಾಡಬಹುದು. ಬೀಳುವ ಅಭ್ಯಾಸವನ್ನು ಮಾತ್ರ ಬಲ್ಲ ಗುರುವಿಲ್ಲದೆ, ಚಾಪೆಯಿಲ್ಲದೆ, ಚಾಳಿನ ಮೊಗಸಾಲೆಯಲ್ಲಾಗಲಿ ಶಾಲೆಯ ಮಾಳಿಗೆಯ ಗಾರೆನೆಲದ ಮೇಲಾಗಲಿ ಎಂದಿಗೂ ಮಾಡಕೂಡದು. ಓದಿ ತಿಳಿದುದು ಕತ್ತಿಗೆ ರಕ್ಷಣೆ ಕೊಡಲಾರದು.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಎಲ್ಲರೂ ಜೂಡೋ ಕಲಿಯಲಿಕ್ಕಿಲ್ಲ. ಆದರೆ ಪರೀಕ್ಷೆಯ ಕೋಣೆಯಲ್ಲಿಯೋ ಭಾಷಣದ ವೇದಿಕೆಯಲ್ಲಿಯೋ ಮುಂದೆ ಉದ್ಯೋಗದಲ್ಲಿಯೋ ಮೈಯೂ ಮನಸ್ಸೂ ಬಿಗಿಯುವ ಸಂದರ್ಭಗಳು ಬಂದೇ ಬರುತ್ತವೆ. ಆಗ ಮೊದಲು ಉಸಿರನ್ನು ಹೊರಕ್ಕೆ ಬಿಡಿರಿ, ಭುಜಗಳನ್ನು ಇಳಿಸಿರಿ, ಕೆಲಸಕ್ಕೆ ಬೇಕಾದಷ್ಟು ಬಲವನ್ನು ಮಾತ್ರ ಬಳಸಿರಿ. ನಿಮ್ಮ ಪಕ್ಕದಲ್ಲಿ ಇನ್ನೊಬ್ಬನು ಹೆದರಿ ಬಿಗಿದು ನಿಂತಿದ್ದರೆ "ಹೆದರಬೇಡ" ಎಂದಷ್ಟೇ ಹೇಳಿ ಸುಮ್ಮನಾಗದೆ, ಬೀಳುವಾಗ ಅವನ ತೋಳನ್ನು ಬಿಡದಿರುವ ಜೊತೆಗಾರರಾಗಿರಿ. ಈ ವರ್ಷದ ವ್ಯಾಯಾಮದ ತರಗತಿಗಳಲ್ಲಿ ಅದು ನಿಮ್ಮಿಂದ ಆರಂಭವಾಗಲಿ.